ಹೊಲಕ್ಕೊಂದು ಡಬ್ಬಿ

ನಮ್ಮ ಮನೆಯ ನಡುಕೋಣೆಯ ಗೋಡೆಗೆ ಒಂದು ಹಲಗೆ ಹೊಡೆದಿದೆ. ಅದರ ಮೇಲೆ ನಾಲ್ಕು ತಗಡಿನ ಡಬ್ಬಿಗಳಿದ್ದವು. ಹಾಲಿನ ಪುಡಿಯ ಡಬ್ಬಿ ಬಾವಿ ಹೊಲದ್ದು, ಬಿಸ್ಕತ್ತಿನ ಡಬ್ಬಿ ರಸ್ತೆ ಹೊಲದ್ದು, ಹಸಿರು ಮುಚ್ಚಳದ್ದು ದಿಬ್ಬದ ಹೊಲದ್ದು. ನಾಲ್ಕನೆಯದು ಗ್ರೀಸಿನ ಡಬ್ಬಿ, ನನ್ನ ಟ್ರ್ಯಾಕ್ಟರಿನದು. ನನ್ನದು ಎನ್ನುವುದು ಬರೀ ಬಾಯಿಮಾತು. ಓಡಿಸುವವನು ನಾನು, ಅದರ ಡಬ್ಬಿಗೆ ಕೈ ಹಾಕುವ ಅಧಿಕಾರ ಮಾತ್ರ ನನ್ನ ಅತ್ತಿಗೆಯದು.

ಅತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ, ಈ ಮನೆಗೆ ಬಂದಾಗ ಡಬ್ಬಿಗಳಿರಲಿಲ್ಲ. ಅಪ್ಪನ ಅಂಗಿಯ ಒಳಜೇಬು ಇತ್ತು. ಬೆಳೆ ಮಾರಿದ ದುಡ್ಡೆಲ್ಲ ಅದರೊಳಗೆ ಹೋಗುತ್ತಿತ್ತು. ಬೀಜ, ಗೊಬ್ಬರ, ಡೀಸೆಲ್, ಕೂಲಿ ಎಲ್ಲಕ್ಕೂ ಅಲ್ಲಿಂದಲೇ ದುಡ್ಡು ಹೊರಗೆ ಬರುತ್ತಿತ್ತು. ಜೇಬು ಉಬ್ಬಿದ್ದರೆ ಅಪ್ಪ ನಗುತ್ತಿದ್ದ, ಚಪ್ಪಟೆಯಾಗಿದ್ದರೆ ನಮ್ಮಿಬ್ಬರನ್ನು ಬೈಯುತ್ತಿದ್ದ. ನಮ್ಮ ಮನೆಯ ಲೆಕ್ಕಪತ್ರ ಅಂದರೆ ಅಷ್ಟೇ. ಅತ್ತಿಗೆ ಒಂದೆರಡು ಬೆಳೆ ಸುಮ್ಮನೆ ನೋಡಿದರು. ಆಮೇಲೆ ಒಂದು ದಿನ ಅಪ್ಪನ ಮುಂದೆ ಕಾಫಿ ಇಟ್ಟು ಕೇಳಿದರು.

"ಮಾವ, ಕೊಟ್ಟಿಗೇಲಿ ಮೂರು ಹಸು ಕಟ್ಟಿ ಒಂದೇ ಪಾತ್ರೆಗೆ ಹಾಲು ಕರೆದ್ರೆ, ಯಾವುದು ಹಾಲು ಕೊಡ್ತು, ಯಾವುದು ಬರೀ ಹುಲ್ಲು ತಿಂತು ಅಂತ ಹೇಗೆ ಗೊತ್ತಾಗತ್ತೆ?"

"ಅಂದ್ರೆ ಈಗ ಹೊಲಕ್ಕೊಂದು ಜೇಬು ಹೊಲಿಸ್ಕೊಳ್ಳಲಾ ನಾನು?" ಅಂದ ಅಪ್ಪ.

"ಜೇಬು ಬೇಡ. ಅಟ್ಟದ ಮೇಲೆ ಡಬ್ಬಿ ಬಿದ್ದಿದಾವೆ."

ಅಪ್ಪ ನಗೆಯಾಡುತ್ತಲೇ ಒಪ್ಪಿದ. ಹೆಂಗಸರ ಆಟ, ನಾಲ್ಕು ದಿನ ಆಡಿ ಬಿಡುತ್ತಾಳೆ ಎಂದುಕೊಂಡಿರಬೇಕು. ಆತ ತೀರಿಕೊಂಡ ಮೇಲೂ ಆಟ ನಿಲ್ಲಲಿಲ್ಲ.

ನಿಯಮ ಕಠಿಣ. ಆಯಾ ಹೊಲದ ಬೆಳೆ ಮಾರಿದ ದುಡ್ಡು ಆಯಾ ಡಬ್ಬಿಗೆ. ಆಯಾ ಹೊಲದ ಖರ್ಚು ಆಯಾ ಡಬ್ಬಿಯಿಂದ. ನಾನು ಬಾವಿ ಹೊಲ ಉತ್ತರೆ ಬಾವಿ ಡಬ್ಬಿಯಿಂದ ಗ್ರೀಸ್ ಡಬ್ಬಿಗೆ ಬಾಡಿಗೆ. ಒಂದು ಡಬ್ಬಿ ಬರಿದಾಗಿ ಇನ್ನೊಂದರಿಂದ ಕೈಗಡ ಪಡೆದರೆ, ಪಡೆದ ಹೊಲದ ಗುರುತಿಗೆ ಕೊಟ್ಟ ಡಬ್ಬಿಯಲ್ಲಿ ಒಂದು ಅಂಗಿಯ ಬಟನ್ನು ಬೀಳುತ್ತಿತ್ತು. ಬಾವಿಗೆ ಬಿಳಿ, ರಸ್ತೆಗೆ ಕರಿ, ದಿಬ್ಬಕ್ಕೆ ಕೆಂಪು. ಸಾಲ ತೀರಿದಾಗ ಬಟನ್ನು ಮನೆಗೆ, ಅಂದರೆ ತನ್ನ ಡಬ್ಬಿಗೆ, ವಾಪಸ್ಸು. ಈ ಬ್ಯಾಂಕು ಶುರುವಾದ ವರ್ಷ ನನ್ನ ಅಂಗಿಗಳಲ್ಲಿ ಒಂದಕ್ಕೂ ಕುತ್ತಿಗೆಯ ಬಟನ್ನು ಉಳಿಯಲಿಲ್ಲ. ಒಮ್ಮೆ ಪೇಟೆಯಲ್ಲಿ ಚಹಾ ಕುಡಿಯಲೆಂದು ಗ್ರೀಸ್ ಡಬ್ಬಿಯಿಂದ ಚಿಲ್ಲರೆ ತೆಗೆದುಕೊಂಡಿದ್ದಕ್ಕೆ, "ಆ ಚಹಾ ಕುಡಿದಿದ್ದು ಯಾವ ಹೊಲ, ತಮ್ಮ?" ಎಂದು ಕೇಳಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವರ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಮೂರು ಹೊಲದ ಬೇಸಾಯದಲ್ಲಿ ಲಾಭ ಎನ್ನುವುದು ಪಾತ್ರೆಯ ತಳಕ್ಕೆ ಅಂಟಿಕೊಂಡ ಅನ್ನದಷ್ಟು. ಕೆರೆದು ತೆಗೆದರೆ ಒಬ್ಬರ ತುತ್ತು, ನೀರು ಹಾಕಿ ತೊಳೆದರೆ ಏನೂ ಇಲ್ಲ. ಅತ್ತಿಗೆ ಕೆರೆಯುವ ಜಾತಿಯವರು. ಸಂಜೆ ಕಿಟಕಿಯ ಬಳಿ ನಿಂತು, ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಎಣಿಸುತ್ತಿದ್ದರು. ಒಂದು ಚೀಲ ಗೊಬ್ಬರ ಹೆಚ್ಚು ತರಬೇಕಾದರೂ ಡಬ್ಬಿಯನ್ನು ಕೇಳದೆ ಹೂಂ ಅನ್ನುತ್ತಿರಲಿಲ್ಲ.

ಹೀಗೆ ವರ್ಷಗಟ್ಟಲೆ ಸರಿಯಾಗಿಯೇ ನಡೆಯಿತು. ಆಮೇಲೆ ಬಾವಿ ಹೊಲದ ಡಬ್ಬಿ ಹಿಂದೆ ಬೀಳತೊಡಗಿತು.

ಬಾವಿ ಹೊಲದಲ್ಲಿ ನಾವು ಈರುಳ್ಳಿ ಹಾಕುತ್ತಿದ್ದೆವು. ನೀರಿದೆ, ಮಣ್ಣು ಬೆಣ್ಣೆಯಂಥದ್ದು, ಮನೆಯ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಕಳೆ ಕೀಳಲು, ಕಿತ್ತು ಆಯಲು, ಚೀಲ ತುಂಬಲು ಆಳು ಬೇಕು. ಕೂಲಿ ವರ್ಷ ವರ್ಷ ಏರುತ್ತಿತ್ತು, ಈರುಳ್ಳಿಯ ಬೆಲೆ ತನ್ನಿಷ್ಟಕ್ಕೆ ಕುಣಿಯುತ್ತಿತ್ತು. ಬಾವಿಯ ಬಿಳಿ ಬಟನ್ನುಗಳು ಉಳಿದೆಲ್ಲ ಡಬ್ಬಿಗಳಲ್ಲೂ ಗಲಗಲ ಅನ್ನತೊಡಗಿದವು. ಅದೇ ಹೊತ್ತಿಗೆ ದಿಬ್ಬದ ಹೊಲದ ಹಸಿರು ಮುಚ್ಚಳದ ಡಬ್ಬಿ ಯಾರಿಂದಲೂ ಸಾಲ ಪಡೆಯದೆ ಮರ್ಯಾದಸ್ಥನ ಹಾಗೆ ಕೂತಿತ್ತು.

ದಿಬ್ಬದ ಹೊಲ ನಮ್ಮದಲ್ಲ, ಗುತ್ತಿಗೆಯದು. ಬರೀ ಕಲ್ಲು. ಅದನ್ನು ಹೊಲ ಮಾಡಿದವನು ನಮ್ಮಣ್ಣ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ನಶ್ಯದ ಡಬ್ಬಿ ಜೇಬಿಗೆ ಇಳಿಸಿ ಹೊರಟನೆಂದರೆ ಕತ್ತಲಾಗುವವರೆಗೆ ಅಲ್ಲೇ. ಆಯ್ದ ಕಲ್ಲನ್ನೆಲ್ಲ ಸುತ್ತ ಪೇರಿಸಿ ಎದೆಯೆತ್ತರದ ಗೋಡೆ ಕಟ್ಟಿದ್ದ. ಅಲ್ಲಿ ಬಿತ್ತುವುದೂ ಅವನೇ, ಕೊಯ್ಯುವುದೂ ಅವನೇ.

ಬಾವಿ ಹೊಲದ ಆಚೆಗೆ ಒಂದು ಇಟ್ಟಿಗೆ ಭಟ್ಟಿ ಇದೆ. ಅದರ ಧಣಿಗೆ ನಮ್ಮ ಮಣ್ಣಿನ ಮೇಲೆ ಮೊದಲಿಂದಲೂ ಕಣ್ಣು. ಆ ವರ್ಷ ಒಳ್ಳೆಯ ಬೆಲೆ ಹೇಳಿದ. ಅತ್ತಿಗೆ ಡಬ್ಬಿಗಳನ್ನು ನೋಡಿದರು, ಮಾರೋಣ ಅಂದರು, ಮುಂಗಡವನ್ನೂ ತೆಗೆದುಕೊಂಡರು.

ನಾನು ಕೂಗಾಡಿದೆ. "ಭಟ್ಟಿಯವನು ಅಲ್ಲಿ ಬೆಳೆ ಬೆಳೀತಾನಾ? ಆಳೆತ್ತರ ಮಣ್ಣು ತೆಗೀತಾನೆ. ಆಮೇಲೆ ಬೇಕು ಅಂದ್ರೂ ಹೊಲ ಸಿಗಲ್ಲ, ಹಳ್ಳ ಸಿಗತ್ತೆ."

"ನಂಗೇನು ಖುಷಿನಾ? ಡಬ್ಬಿ ಹೇಳ್ತಿದೆ," ಅಂದರು ಅತ್ತಿಗೆ.

ದಿಬ್ಬ ಉಳಿಯಿತಲ್ಲ, ಅಣ್ಣನಿಗೆ ಅಷ್ಟು ಸಾಕಾಗಿತ್ತು.

ಕೈಯಲ್ಲಿದ್ದ ಈರುಳ್ಳಿ ಬೆಳೆ ಮುಗಿದ ಮೇಲೆ ಹೊಲ ಬಿಟ್ಟುಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಣ್ಣನ ಗೋಡೆಯ ಕಲ್ಲೊಂದು ಜಾರಿ ಅವನ ಕಾಲಿನ ಮೇಲೆಯೇ ಬಿತ್ತು. ಮೂಳೆ ಮುರಿದು ಪ್ಲಾಸ್ಟರು ಹಾಕಿದರು. ದಿಬ್ಬದ ಕೆಲಸ ನಿಲ್ಲಿಸುವಂತಿರಲಿಲ್ಲ, ಆಳು ಕರೆಯಬೇಕಾಯಿತು. ದೂರದ ಹೊಲ, ಕಲ್ಲಿನ ಹೊಲ ಎಂದು ಆಳುಗಳು ಹೆಚ್ಚೇ ಕೇಳಿದರು. ಹಸಿರು ಮುಚ್ಚಳದ ಡಬ್ಬಿ ಬೆಳೆ ಬರುವ ಮುಂಚೆಯೇ ಬರಿದಾಯಿತು. ಕೆಂಪು ಬಟನ್ನುಗಳು ಮೊದಲ ಸಲ ಊರು ನೋಡಲು ಹೊರಟವು. ಇತ್ತ ಅಣ್ಣ ಮನೆಯಲ್ಲಿ ಕೂತು ಬೇಸತ್ತು, ಕೋಲೂರಿಕೊಂಡು ಬಾವಿ ಹೊಲಕ್ಕೆ ಹೋಗಿ, ಗೋಣಿಯ ಮೇಲೆ ಕೂತು ಈರುಳ್ಳಿ ಆಯತೊಡಗಿದ. ಮೋಟಾರು ನೋಡಿಕೊಂಡ, ನೀರು ತಿರುಗಿಸಲು ಕೂತಲ್ಲಿಂದಲೇ ಹೇಳಿದ. ಅಲ್ಲಿ ಇಬ್ಬರು ಆಳು ಕಡಿಮೆಯಾದರು. ಬಿಳಿ ಬಟನ್ನುಗಳು ಒಂದೊಂದಾಗಿ ಮನೆಗೆ ಬಂದವು.

ಒಂದು ಮಧ್ಯಾಹ್ನ ಅತ್ತಿಗೆ ನಾಲ್ಕೂ ಡಬ್ಬಿಗಳನ್ನು ನೆಲಕ್ಕೆ ಸುರಿದುಕೊಂಡು ಕೂತಿದ್ದರು. ನಾನು ಕೈ ತೊಳೆದು ಒಳಗೆ ಬಂದೆ.

"ತಮ್ಮ, ಇಷ್ಟು ವರ್ಷ ನಿಮ್ಮಣ್ಣನ ಕೂಲಿ ಯಾವ ಡಬ್ಬೀಲಿತ್ತು?"

"ಅಣ್ಣನಿಗೆ ಎಂಥಾ ಕೂಲಿ? ಮನೆಯವನು."

"ಅದೇ ನೋಡು. ದಿಬ್ಬ ಪುಕ್ಕಟೆ ಆಳು ಇಟ್ಕೊಂಡಿತ್ತು. ಬಾವಿ ಹೊಲ ಆಳಾಳಿಗೂ ದುಡ್ಡು ಕೊಡ್ತಿತ್ತು. ನಾನು ದಿಬ್ಬಾನ ಜಾಣ ಅಂದೆ, ಬಾವಿ ಹೊಲಾನ ದಂಡ ಅಂದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆ."

ಚಹಾದ ಚಿಲ್ಲರೆಗೂ ಹೊಲ ಕೇಳಿದ ಹೆಂಗಸು ಗಂಡನನ್ನೇ ಲೆಕ್ಕದಿಂದ ಬಿಟ್ಟಿದ್ದರು. ದೀಪದ ಬುಡದಲ್ಲಿ ಕತ್ತಲೆ. ನಾನು ನಗಬೇಕೆಂದಿದ್ದೆ, ಅವರ ಮುಖ ನೋಡಿ ನಗು ಬರಲಿಲ್ಲ.

ಮರುದಿನ ಅತ್ತಿಗೆಯನ್ನು ಭಟ್ಟಿಗೆ ನಾನೇ ಕರೆದುಕೊಂಡು ಹೋದೆ. ಧಣಿ ಮುಖ ಗಂಟಿಕ್ಕಿದ. "ಅಮ್ಮಾ, ಮಾತು ಅಂದ್ರೆ ಮಾತು."

"ಮಾತು ತಪ್ಪಲ್ಲ. ಲೆಕ್ಕ ತಪ್ಪಿದೆ, ಅದನ್ನ ಸರಿ ಮಾಡೋಕೆ ಒಂದು ಬೆಳೆ ಟೈಮ್ ಕೊಡಿ. ಬಾವಿ, ದಿಬ್ಬ, ಎರಡರಲ್ಲಿ ಯಾವ ಡಬ್ಬಿ ಹಿಂದೆ ಬೀಳತ್ತೋ ಆ ಹೊಲ ಬಿಡ್ತೀನಿ. ಬಾವಿ ಹೊಲ ಆದ್ರೆ ನಿಮಗೇ, ಇದೇ ಬೆಲೆಗೆ. ನಿಮ್ಮ ಮುಂಗಡ ಕಟ್ಟಿದ ಗಂಟು ಬಿಚ್ಚಿಲ್ಲ."

ಆತ ಒಪ್ಪಿದ. ಅತ್ತಿಗೆಯ ಮಾತು ನಂಬದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಅಣ್ಣನ ಕಾಲು ಸರಿಹೋದ ದಿನದಿಂದ ಮನೆಯಲ್ಲಿ ಹೊಸ ಪದ್ಧತಿ ಬಂತು. ಅಣ್ಣ ಯಾವ ಹೊಲದಲ್ಲಿ ದುಡಿದನೋ ಆ ಡಬ್ಬಿಯಿಂದ ಅವನಿಗೆ ಸಂಜೆ ಕೂಲಿ, ಬೇರೆ ಆಳಿನಷ್ಟೇ. ಮದುವೆಯಾಗಿ ಇಷ್ಟು ಕಾಲಕ್ಕೆ ಹೆಂಡತಿಯ ಕೈಯಿಂದ ಸಂಬಳ ತೆಗೆದುಕೊಳ್ಳಲು ಅವನು ಮೊದಲು ನಾಚಿದ, ಆಮೇಲೆ ಚೇಷ್ಟೆಗಿಳಿದ.

"ಯಜಮಾನಿ, ನಾಳೆ ರಜ ಬೇಕಿತ್ತು."

"ತಗೊಳ್ಳಿ. ರಜಕ್ಕೆ ಕೂಲಿ ಇಲ್ಲ."

"ಊಟ?"

"ಅದು ನಿಮ್ಮ ನಡತೆ ಮೇಲೆ."

ಅವನು ಮಾತ್ರ ಮತ್ತೆ ದಿಬ್ಬಕ್ಕೇ ಹೋದ. ಅಲ್ಲಿನ ಬೆಳೆ ಮಾರಿ ಹಸಿರು ಮುಚ್ಚಳದ ಡಬ್ಬಿಗೆ ಮತ್ತೆ ದುಡ್ಡು ಬಿದ್ದಿತ್ತು. ದಿನವೂ ಕೂಲಿ ಕೊಟ್ಟರೆ ಆ ಡಬ್ಬಿ ಇಳಿಯಬೇಕು ತಾನೇ? ಇಳಿಯಲಿಲ್ಲ. ಆಗಾಗ ಎತ್ತಿ ನೋಡುತ್ತಿದ್ದ ಅತ್ತಿಗೆಯ ಹುಬ್ಬು ಗಂಟಾಗುತ್ತಿತ್ತು. ನನಗೂ ದಿಗಿಲಾಯಿತು. ಹೀಗೇ ಆದರೆ ಬಾವಿ ಹೊಲ ಹೋಗುವುದು ಖಂಡಿತ ಎಂದು ನಾನು ಒಂದು ದಿನ ಅದರ ಬದುವಿನ ಮೇಲೆ ಸುಮ್ಮನೆ ಕೂತು ಬಂದೆ.

ಈರುಳ್ಳಿ ಮಾರಾಟವಾದ ಮೇಲೆ ಭಟ್ಟಿಯ ಧಣಿ ಉತ್ತರ ಕೇಳಲು ಬಂದ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದೆವು. ಅತ್ತಿಗೆ ಎರಡು ಡಬ್ಬಿಗಳನ್ನು ತಂದು ಅವನ ಮುಂದೆಯೇ ಬಿಚ್ಚಿದರು. ಬಾವಿ ಡಬ್ಬಿಯಲ್ಲಿ ಒಂದು ಹಿಡಿ ನೋಟು. ದಿಬ್ಬದ ಡಬ್ಬಿಯಲ್ಲಿ ಅದಕ್ಕಿಂತ ದಪ್ಪ ಹಿಡಿ. ಅತ್ತಿಗೆ ಆ ನೋಟುಗಳನ್ನು ಎಂದಿನಂತೆ ಮುಖದ ಹತ್ತಿರ ಹಿಡಿದು ಎಣಿಸತೊಡಗಿದವರು ಆಕ್ಷಿ ಎಂದು ಸೀನಿದರು. ಮತ್ತೆ ಎಣಿಸಿದರು, ಮತ್ತೆ ಸೀನಿದರು. ನಿಲ್ಲಿಸಿ, ಒಂದು ನೋಟನ್ನು ಮೂಸಿ ನೋಡಿದರು. ನಶ್ಯ.

"ಅಂತೂ ದಿಬ್ಬ ಗೆಲ್ತು," ಅಂದ ಧಣಿ.

ಅತ್ತಿಗೆ ಅವನಿಗೆ ಉತ್ತರ ಕೊಡಲಿಲ್ಲ. ಕಂಬಕ್ಕೊರಗಿ ಕೂತಿದ್ದ ಅಣ್ಣನ ಕಡೆ ತಿರುಗಿದರು. "ಕೂಲಿಯವನು ತಾನೇ ಹೊಲಕ್ಕೆ ಕೂಲಿ ಕೊಟ್ಟು ದುಡಿಯೋದನ್ನ ಎಲ್ಲಾದ್ರೂ ಕಂಡಿದ್ದೀರಾ ನೀವು?"

ಅಣ್ಣ ನೆಲ ನೋಡಿದ. ಸಂಜೆ ತೆಗೆದುಕೊಂಡ ಕೂಲಿಯನ್ನು ಬೆಳಿಗ್ಗೆ ಹೊರಡುವಾಗ ಅದೇ ಡಬ್ಬಿಗೆ ಹಾಕಿ ಹೋಗುತ್ತಿದ್ದನಂತೆ. ಹೇಳಿದ: "ಒಂದೊಂದು ಕಲ್ಲೂ ನಾನೇ ಎತ್ತಿದ್ದು ಕಣೇ. ಅದು ದಂಡ ಅಂದ್ರೆ, ಅಷ್ಟು ವರ್ಷ ನಾನೇ ದಂಡ ಅಂದ ಹಾಗಾಗತ್ತೆ."

ಬಾವಿ ಹೊಲವನ್ನು ಕಳೆಯಲು ಹೊರಟಿದ್ದನೆಂದು ಅವನ ಮೇಲೆ ಕುದಿಯುತ್ತಿದ್ದೆ. ಆ ಮಾತು ಕೇಳಿ ನನ್ನ ಸಿಟ್ಟು ಇಳಿದುಹೋಯಿತು, ಅವನಿಗಾಗಿ ಸಂಕಟವಾಯಿತು. ಅತ್ತಿಗೆ ಒಳಗೆ ಹೋಗಿ ಮುಂಗಡದ ಗಂಟು ತಂದು ಧಣಿಯ ಮುಂದೆ ಇಟ್ಟರು. "ಕ್ಷಮಿಸಿ. ಬಾವಿ ಹೊಲ ಕೊಡಲ್ಲ. ದಿಬ್ಬದ ದುಡ್ಡು ದಿಬ್ಬದ್ದಲ್ಲ, ನೀವೇ ಕೇಳಿದ್ರಲ್ಲ." ಧಣಿ ಗೊಣಗಿಕೊಂಡೇ ಗಂಟನ್ನು ಎತ್ತಿಕೊಂಡು ಹೋದ.

ಆತ ಹೋದ ಮೇಲೆ ಅತ್ತಿಗೆ ಹಸಿರು ಮುಚ್ಚಳದ ಡಬ್ಬಿಯನ್ನು ಎತ್ತಿ ಅಡುಗೆಮನೆಗೆ ಒಯ್ದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟರು. "ದಿಬ್ಬ ಬೇಕು ಅಂದ್ರೆ ಗೋಡೆ ಪಕ್ಕದ ಒಂದು ತುಂಡು ಇಟ್ಕೊಳ್ಳಿ. ಗುತ್ತಿಗೆ ನಿಮ್ಮ ಕೂಲಿಯಿಂದ. ಆದ್ರೆ ಅದನ್ನ ಬೇಸಾಯ ಅನ್ನಬೇಡಿ. ಅದು ನಿಮ್ಮ ನಶ್ಯ ಇದ್ದ ಹಾಗೆ, ಮನೆ ಖರ್ಚು."

ಅಣ್ಣ ಆ ಡಬ್ಬಿಯನ್ನು ನೋಡುತ್ತ ನಿಂತ. "ನಿಂಗೆ ಹಾಗೊಂದು ಖರ್ಚಿಲ್ವಾ? ನಿನ್ನ ಕೂಲಿ ಎಲ್ಲಿ ಹೋಗತ್ತೆ?"

ಬೀಜ ಕೇರುವುದು, ಆಳುಗಳಿಗೆ ಅಡುಗೆ ಮಾಡುವುದು, ಕಳೆಗೆ ಕೂರುವುದು, ವ್ಯಾಪಾರಿಯ ಜೊತೆ ಚೌಕಾಸಿ, ಎಲ್ಲ ಅತ್ತಿಗೆಯದೇ. ಅವರು ಪಾತ್ರೆ ತಿಕ್ಕುತ್ತಲೇ ಹೇಳಿದರು: "ನಂದೂ ಅಂತ ಒಂದು ಡಬ್ಬಿ ಇಟ್ರೆ ಮಿಕ್ಕ ಡಬ್ಬಿ ಎಲ್ಲ ಬರಿದಾಗತ್ತೆ."

ಒಂದು ವಾರ ಕಳೆದ ಮೇಲೆ ಅಣ್ಣ ಒಂದು ಬೆಳಿಗ್ಗೆ ಬುತ್ತಿ ಇಲ್ಲದೆ ಹೋಗಿ, ದಿಬ್ಬವನ್ನು ಗೋಡೆಸಮೇತ ಪೂರ್ತಿ ಅದರ ಒಡೆಯರಿಗೆ ಒಪ್ಪಿಸಿ ಬಂದ. ಬಂದವನು ಹಸಿರು ಮುಚ್ಚಳದ ಡಬ್ಬಿಯನ್ನು ಇಳಿಸಿ, ನಶ್ಯದ ವಾಸನೆ ಹೋಗುವವರೆಗೆ ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ನಡುಕೋಣೆಯ ಹಲಗೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟ.

"ಯಾವ ಹೊಲದ್ದು ಇದು ಈಗ?" ಕೇಳಿದರು ಅತ್ತಿಗೆ.

"ನಿಂದು. ಇವತ್ತು ಎಲ್ಲಿ ದುಡಿದೆ ಹೇಳು, ಆ ಡಬ್ಬಿಯಿಂದ ಹಾಕ್ತೀನಿ."

ಅತ್ತಿಗೆ ಬೇಡ ಅಂದರು, ಬೈದರು, ಡಬ್ಬಿ ಹೇಳ್ತಿದೆ ಅಂದರು. ಅಣ್ಣ ಜಗ್ಗಲಿಲ್ಲ, ಸಂಜೆಯಾದರೆ ಹಲಗೆಯ ಮುಂದೆ ನಿಂತು ಆಳಿನ ಕೂಲಿಯನ್ನೇ ಎಣಿಸಿ ಹಾಕುತ್ತಿದ್ದ. ಈಗ ಅವನು ದಿನವೂ ಬಾವಿ ಹೊಲದಲ್ಲೇ ಇರುತ್ತಿದ್ದ. ಅಲ್ಲಿಗೆ ಹೊರಗಿನ ಆಳು ಕರೆಯುವುದು ಅಪರೂಪವಾಯಿತು. ಆ ವರ್ಷ ಡಬ್ಬಿಗಳೆಲ್ಲ ಒಂದೊಂದು ಬೆರಳು ಇಳಿದವು, ನನ್ನ ಗ್ರೀಸ್ ಡಬ್ಬಿಯೂ ಇಳಿಯಿತು. ಯಾವುದೂ ಬರಿದಾಗಲಿಲ್ಲ.

ಅತ್ತಿಗೆಯ ಲೆಕ್ಕ ತಪ್ಪಿದ್ದು ಅದು ಎರಡನೆಯ ಸಲ. ಸುಗ್ಗಿ ಮುಗಿದ ಮೇಲೆ ಅವರು ಹಸಿರು ಮುಚ್ಚಳ ತೆಗೆದು ಮೊದಲ ಸಲ ತಮ್ಮ ದುಡ್ಡು ಹೊರಗೆ ತೆಗೆದರು. ನಾನೇ ಪೇಟೆಗೆ ಕರೆದುಕೊಂಡು ಹೋದೆ. ಕನ್ನಡಕ ಕೊಂಡರು. ಈಗ ನೋಟು ಎಣಿಸಲು ಅವರು ಕಿಟಕಿಯ ಬಳಿ ಹೋಗುವುದಿಲ್ಲ.