ಮೇಷ್ಟ್ರ ಕಸುಬು

ಇದು ನಡೆದದ್ದು ೧೯೩೧ರ ಜನಗಣತಿಯ ಸಮಯದಲ್ಲಿ. ಮಳವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಜನರ ವಿವರ ಬರೆದುಕೊಳ್ಳುತ್ತಿದ್ದೆ. ಮೇಲ್ವಿಚಾರಕರೂ ಆ ದಿನ ಜೊತೆಗಿದ್ದರು.

ಒಂದು ಜಗಲಿಯ ಮೇಲೆ ಐವತ್ತರ ಆಸುಪಾಸಿನವರೊಬ್ಬರು ಹಾರ್ಮೋನಿಯಂ ಒರೆಸುತ್ತಿದ್ದರು. ಕಸುಬು ಏನೆಂದು ಕೇಳಿದೆ.

"ಊರೂರಿಗೋಗಿ ನಾಟಕ ಕಲಿಸೋದು ಬುದ್ಧಿ."

ನಾನು ಬರೆಯಹೊರಟಾಗ ಮೇಲ್ವಿಚಾರಕರು ತಡೆದರು. "ಅದು ಕಸುಬಲ್ಲ ಕಣ್ರೀ, ಶೋಕಿ. ಏನಯ್ಯಾ, ಹೊಲ ಗದ್ದೆ ಇದೆಯಾ?"

"ಇಲ್ಲ ಬುದ್ಧಿ. ಕುಯ್ಲು ಮುಗಿದ ಊರಿಗೆ ಓಯ್ತೀನಿ. ಇಲ್ಲಿ ಎರಡು ತಿಂಗಳು, ಆಮೇಲೆ ಮದ್ದೂರಿನ ಕಡೆ, ಆಮೇಲೆ ಯಲಿಯೂರು. ಕಲಿಯೋರು ಸರದಿ ಮೇಲೆ ಅವರವರ ಮನೇಲಿ ಊಟಕ್ಕೆ ಇಟ್ಟು ಆಕ್ತಾರೆ. ಬರೋವಾಗ ವರ್ಸಕ್ಕಾಗೋ ರಾಗಿ ಕೊಟ್ಟು ಕಳಿಸ್ತಾರೆ."

"ಹಾಗಾದರೆ ನಿರುದ್ಯೋಗಿ ಅಂತ ಬರೆದುಕೊಳ್ಳಿ."

ನಾಟಕದ ಮೇಷ್ಟ್ರು ಎದ್ದು ನಿಂತರು. "ಸೋಕಿಗೆ ಯಾರಾದ್ರೂ ಇಪ್ಪತ್ತು ವರ್ಸ ಇಟ್ಟು ಆಕ್ತಾರಾ? ಓದ ತಿಂಗಳು ನಮ್ಮ ನಾಟಕಕ್ಕೆ ಬಂದು, ಮುಂದಿನ ಕುರ್ಚೀಲಿ ಕೂತು 'ಒನ್ಸ್ ಮೋರ್' ಅಂತ ಕೂಗಿದೋರು ನೀವೇ ಅಲ್ವಾ ಬುದ್ಧಿ?"

"ಅದು ನಾಟಕ. ಇದು ಸರ್ಕಾರದ ಹಾಳೆ," ಎಂದರು ಮೇಲ್ವಿಚಾರಕರು.

ಊರೂರ ಬೇಸಾಯದ ಬಿಡುವನ್ನು ಹೊಂದಿಸಿಕೊಂಡು, ವರ್ಷದಲ್ಲಿ ಒಂದು ದಿನವೂ ಸುಮ್ಮನೆ ಕೂರದಂತೆ ಬದುಕು ಕಟ್ಟಿಕೊಂಡ ಮನುಷ್ಯ ಅವರು. ಅವರನ್ನು ನಿರುದ್ಯೋಗಿ ಎಂದು ಬರೆದ ಕೈ ನನ್ನದೇ. ಆ ಸಿಟ್ಟು ಇನ್ನೂ ಆರಿಲ್ಲ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಅಲೆದು, ಈ ಹದಿನೈದು ದಿನದ ಗಣತಿ ಬರವಣಿಗೆ ಹಿಡಿದಿದ್ದ ನನ್ನನ್ನು ಮಾತ್ರ ಉದ್ಯೋಗಸ್ಥ ಎಂದು ಎಣಿಸಿಯಾಗಿತ್ತು. ಆ ಊರಿನ ಹಾಳೆಯಲ್ಲಿ ನಿರುದ್ಯೋಗಿಗಳು ಒಟ್ಟು ಒಬ್ಬರು.