ಮಹಡಿ ಕೋಣೆಯ ವಿದೇಶಾಂಗ ವ್ಯವಹಾರ

ಊರೆಲ್ಲ ಕಂಪ್ಯೂಟರಿನ ಹಿಂದೆ ಓಡುತ್ತಿದ್ದ ಕಾಲ. ಹೈದರಾಬಾದಿನ ಕುಷಾಯಿಗೂಡದ ನಮ್ಮ ಮಹಡಿ ಕೋಣೆಗೆ ಬಾಡಿಗೆದಾರರೇ ಸಿಗುತ್ತಿರಲಿಲ್ಲ. ಸಂಬಳ ಹೆಚ್ಚಿದ ಹುಡುಗರೆಲ್ಲ ನಗರದ ಆ ತುದಿಗೆ, ಗಾಜಿನ ಕಟ್ಟಡಗಳ ಪಕ್ಕಕ್ಕೆ ಹೊರಟುಹೋಗಿದ್ದರು. ಸರ್ಕಾರಿ ಕಾರ್ಖಾನೆಯ ನೌಕರನಾದ ನಾನು ಈ ತುದಿಯಲ್ಲೇ ಉಳಿದಿದ್ದೆ. ಹೀಗೆ ಖಾಲಿ ಬಿದ್ದ ಕೋಣೆಗೆ ಒಬ್ಬ ಸೋಮಾಲಿ ಬಂದ. ಮೂವತ್ತರ ಆಸುಪಾಸಿನವನು, ಕೋಲುಮುಖ, ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸು.

ನನ್ನ ಹೆಂಡತಿ ಕಲಬುರಗಿ ಕಡೆಯವಳು. ಹೊಸಬರಿಗೆ ನೀರು ಕೊಟ್ಟು, ಲೋಟ ವಾಪಸು ಬರುವುದರೊಳಗೆ "ನೀವು ಯಾ ಪೈಕಿರಿ?" ಎಂದು ಕೇಳಿ ಜಾತಿ ತಿಳಿದುಕೊಳ್ಳುವುದು ಅವಳ ಪದ್ಧತಿ. ಆಫ್ರಿಕದವನೆಂದು ಇವನಿಗೇನೂ ರಿಯಾಯಿತಿ ಸಿಗಲಿಲ್ಲ. ಅವನದು ಹೈದರಾಬಾದಿ ಹಿಂದಿ, ಅವಳದು ಊರ ಕನ್ನಡ, ನಡುವೆ ದುಭಾಷಿ ನಾನು. ಇಲ್ಲಿ ಎಲ್ಲವನ್ನೂ ಕನ್ನಡಕ್ಕಿಳಿಸಿದ್ದೇನೆ.

ಅವನು ನಕ್ಕ. "ಆಂಟಿ, ನಮ್ಮಲ್ಲಿ ಈ ಪ್ರಶ್ನೆಗೆ ಶಿಕ್ಷೆ ಇತ್ತು."

ಅವರ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂಬತ್ತು ವರ್ಷಕ್ಕೆ ಗದ್ದುಗೆ ಹಿಡಿದ ಜನರಲ್ ಒಬ್ಬ, ಕುಲದ ಹೆಸರೆತ್ತುವುದನ್ನೇ ನಿಷೇಧಿಸಿದನಂತೆ. ಕುಲದ ಬೊಂಬೆ ಮಾಡಿಸಿ ಮಣ್ಣಿಗಿಳಿಸಿದನಂತೆ. ಜನ ವಿಧೇಯರಾಗಿ ಕುಲ ಬಿಟ್ಟರು, "ನಿಮ್ಮ ಎಕ್ಸ್ ಯಾವುದು?" ಎಂದು ಕೇಳತೊಡಗಿದರು. ಎಕ್ಸ್ ಎಂದರೆ ಮಾಜಿ. ಸತ್ತದ್ದು ಸರಿ, ಸತ್ತದ್ದು ಯಾವುದೆಂದು ತಿಳಿಯಬೇಡವೆ? ಜನರಲ್ ಮಾತ್ರ ತನ್ನ ಮಾಜಿ ಕುಲದವರನ್ನೇ ಸುತ್ತ ಕೂರಿಸಿಕೊಂಡು ಆಳಿದ.

"ಹಂಗಾರ ನಿಂದು ಮಾಜಿ ಯಾ ಪೈಕಿ?" ಎಂದಳು ನನ್ನ ಹೆಂಡತಿ. ಅವನು ಹೇಳಿದ. ಎಲ್ಲ ತಿಳಿದವಳಂತೆ ತಲೆಯಾಡಿಸಿದಳು.

ಅವನ ಊರು ಹರ್ಗೇಸಾ, ಉತ್ತರದಲ್ಲಿ. ಬ್ರಿಟಿಷರ ಕೈಲಿದ್ದ ಉತ್ತರ, ಇಟಲಿಯವರ ಕೈಲಿದ್ದ ದಕ್ಷಿಣ, ಎರಡೂ ಕೂಡಿ ಅರವತ್ತರಲ್ಲಿ ಒಂದು ದೇಶವಾಯಿತು. ಬಾವುಟದ ನಕ್ಷತ್ರಕ್ಕೆ ಐದು ಮೂಲೆ, ಸೋಮಾಲಿಗಳಿರುವ ಐದು ನಾಡುಗಳಿಗಾಗಿ; ಉಳಿದ ಮೂರು ಬರಲೇ ಇಲ್ಲ. ಅವುಗಳಲ್ಲಿ ಒಂದಕ್ಕಾಗಿ ಇಥಿಯೋಪಿಯಾದ ಮೇಲೆ ಯುದ್ಧಕ್ಕೆ ಹೋಗಿ ಸೋತರು. ಆಮೇಲೆ ಉತ್ತರದವರು ತಿರುಗಿಬಿದ್ದಾಗ, ಜನರಲ್‌ನ ವಿಮಾನಗಳು ಹರ್ಗೇಸಾದ ನಿಲ್ದಾಣದಿಂದಲೇ ಹಾರಿ ಹರ್ಗೇಸಾದ ಮೇಲೆಯೇ ಬಾಂಬು ಹಾಕಿದವು. ಇವನ ಮನೆ ಹೋಯಿತು, ಅಕ್ಕ ಹೋದಳು. ತೊಂಬತ್ತೊಂದರಲ್ಲಿ ಸರ್ಕಾರವೇ ಬಿದ್ದಾಗ ಉತ್ತರದವರು ಸೋಮಾಲಿಲ್ಯಾಂಡ್ ಎಂದು ಬೇರೆಯಾದರು. ನೋಟಿದೆ, ಬಾವುಟವಿದೆ, ಪೊಲೀಸರಿದ್ದಾರೆ. ಅದೊಂದು ದೇಶವೆಂದು ಒಪ್ಪುವ ಸರ್ಕಾರ ಮಾತ್ರ ಆಗ ಒಂದೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾವು ಒಪ್ಪಿದೆವು. ವಿಶ್ವಸಂಸ್ಥೆ ಗಮನಿಸಲಿಲ್ಲ.

ಒಂದು ಭಾನುವಾರ ಅವನ ಕೋರ್ಸಿನ ಇನ್ನೊಬ್ಬ ಸೋಮಾಲಿ ತಗಡಿನ ಟ್ರಂಕು ಹೊತ್ತು ಬಂದ. ಮೊಗದಿಶುವಿನವನು, ಅಂದರೆ ದಕ್ಷಿಣದವನು. ಇವನಿಗಿಂತ ತುಂಬ ಚಿಕ್ಕವನು. ಇದ್ದ ಮನೆ ಬಿಡಿಸಿದ್ದರು. ಕರಿಯರಿಗೆ ಕೊಡುವುದಿಲ್ಲವೆಂದು ಉಳಿದೆಡೆ ಬಾಗಿಲು ಹಾಕಿದ್ದರು. ಟೋಲಿಚೌಕಿಯಲ್ಲಿ ಪರಿಚಯದವರ ಕೋಣೆಯ ನೆಲ, ಅದೂ ಕಾಲು ಚಾಚಲಾಗದ್ದು. ಅದು ಬಿಟ್ಟರೆ ನಮ್ಮ ಮಹಡಿಯೊಂದೇ ಅವನಿಗೆ ಗತಿ. ನನ್ನ ಅಭ್ಯಂತರವೇನೂ ಇರಲಿಲ್ಲ. ನಮ್ಮ ಬಾಡಿಗೆದಾರ ಮೆಟ್ಟಿಲಿಗೆ ಅಡ್ಡ ನಿಂತು ಒಂದೇ ಷರತ್ತು ಹಾಕಿದ.

"ಇರು. ಆದರೆ ವಿದೇಶಿಯಾಗಿ ಇರು. ನನ್ನ ದೇಶ ಬೇರೆ, ನಿನ್ನ ದೇಶ ಬೇರೆ ಅಂತ ಅಂಕಲ್ ಮುಂದೆ ಒಂದು ಸಲ ಹೇಳು."

"ಸುಳ್ಳು ಹೇಗೆ ಹೇಳಲಿ? ದೇಶ ಒಂದೇ. ನೀನು ನನ್ನ ಅಣ್ಣ," ಎಂದ ಬಂದವನು.

"ಅಣ್ಣ ಅಂದವರೇ ಬಾಂಬು ಹಾಕಿದ್ದು."

"ನಾನು ಹಾಕಿದೆನಾ? ಆಗ ನನಗೆ ಚಡ್ಡಿ ಹಾಕಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ."

ನನ್ನ ಹೆಂಡತಿ ನಡುವೆ ಬಂದಳು. "ಏ ತಮ್ಮಾ, ಒಂದ್ ಮಾತು ಅಂದು ಒಳಗ ಹೋಗಬಾರದೇನು? ನಮ್ಮೂರೂ ಹೈದರಾಬಾದಿನಾಗ ಇತ್ತು, ಆಮ್ಯಾಲೆ ಮೈಸೂರಿಗೆ ಹೋತು. ನಮ್ಮನ್ನ ಯಾರ್ ಕೇಳ್ಯಾರ? ಬರ್ರಿ, ರೊಟ್ಟಿ ಆರಾಕತ್ತಾವ."

"ಆಂಟಿ, ನನ್ನ ಹತ್ತಿರ ಉಳಿದಿರುವುದು ದೇಶವೊಂದೇ," ಎಂದ ಬಂದವನು, ಬಹಳ ಮರ್ಯಾದೆಯಿಂದ. "ಅದನ್ನೂ ಅರ್ಧ ಅಂತ ಹೇಗೆ ಹೇಳಲಿ?"

ಬುದ್ಧಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ತೆಲಂಗಾಣ ಬೇರೆಯಾಗಬೇಕೋ ಬೇಡವೋ ಎಂಬ ಜಗಳವನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೇಳಿ ಕೇಳಿ, ಕೂಡುವುದು ಬೇರೆಯಾಗುವುದು ಎರಡರ ಮೇಲೂ ನನಗೆ ಬೇಸರ ಹುಟ್ಟಿತ್ತು.

ಊಟ ಮಾತ್ರ ಮಾಡಿದರು, ಅವರ ಪದ್ಧತಿಯಂತೆ ಒಂದೇ ತಟ್ಟೆಯಲ್ಲಿ, ಪುಂಡಿಪಲ್ಯವನ್ನು ಒಬ್ಬರ ಕಡೆಗೊಬ್ಬರು ಸರಿಸುತ್ತ. ಕೈ ತೊಳೆದು ಮತ್ತೆ ಮೆಟ್ಟಿಲ ಬಳಿ ಬಂದು ನಿಂತರು. ಇವನು ಷರತ್ತು ಬಿಡಲಿಲ್ಲ, ಅವನು ಆ ಮಾತು ಆಡಲಿಲ್ಲ. ಸಂಜೆಯ ಹೊತ್ತಿಗೆ ಅವನು ಟ್ರಂಕಿನ ಒಂದು ಬದಿಯ ಹಿಡಿಕೆ ಹಿಡಿದು ಎತ್ತಿದ. ಇವನು ಇನ್ನೊಂದನ್ನು ಹಿಡಿದುಕೊಂಡ. ಟ್ರಂಕನ್ನು ನಡುವೆ ತೂಗಿಸಿಕೊಂಡು, ಬೀದಿಯವರೆಲ್ಲ ಹೊರಬಂದು ನೋಡುವಷ್ಟು ಜೋರಾಗಿ ಜಗಳವಾಡುತ್ತ, ಬಸ್‌ಸ್ಟಾಪಿನ ಕಡೆ ನಡೆದರು.

ಇವನೊಬ್ಬನೇ ಮರಳಿ ಬಂದು ಮೆಟ್ಟಿಲ ಮೇಲೆ ಕೂತ.

"ಹೋದನೇನಪಾ?" ಎಂದಳು ನನ್ನ ಹೆಂಡತಿ.

"ಹೋದ, ಆಂಟಿ. ಟೋಲಿಚೌಕಿಯಲ್ಲಿ ನೆಲದ ಮೇಲೆ ಮುದುಡಿಕೊಂಡು ಮಲಗುತ್ತಾನಂತೆ, ಆ ಒಂದು ಮಾತು ಮಾತ್ರ ಆಡುವುದಿಲ್ಲವಂತೆ." ಅಂಗೈಯಲ್ಲಿ ಮೂಡಿದ್ದ ಟ್ರಂಕಿನ ಹಿಡಿಕೆಯ ಗುರುತನ್ನು ಉಜ್ಜಿಕೊಂಡ. "ಏನು ಮಾಡುವುದು, ನಮ್ಮ ಜನವೇ ಹೀಗೆ."