ಒಂದೇ ಹಾಸಿನ ಮೂರು ಸೀರೆ

ಸೀರೆ ಅಂಗಡಿಯವರು ನನ್ನನ್ನು ಕಂಡ ಕೂಡಲೇ ಫ್ಯಾನು ಹಾಕುತ್ತಾರೆ, ಆಮೇಲೆ ತಮ್ಮ ವಾಚು ನೋಡಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ನಾನು ಸೀರೆ ಆರಿಸುವವಳಲ್ಲ, ಒಂದೊಂದಾಗಿ ಬಿಡುತ್ತಾ ಹೋಗುವವಳು. ಟ್ಯೂಬ್‌ಲೈಟಿನ ಕೆಳಗೆ ನೇರಳೆಯಾಗಿದ್ದದ್ದು ಬಿಸಿಲಿಗೆ ಏನಾಗುತ್ತದೋ ಎಂದು ಹೆಗಲ ಮೇಲೆ ಹೊದ್ದುಕೊಂಡು ಬೀದಿಗೆ ಬರುತ್ತೇನೆ. ಹಿಂದೆಯೇ ಅಂಗಡಿಯವರೊಬ್ಬರು, ನಾನು ಓಡಿಹೋಗುತ್ತೇನೇನೋ ಎಂಬಂತೆ, ಸೀರೆಯ ಇನ್ನೊಂದು ತುದಿ ಹಿಡಿದು ಬರುತ್ತಾರೆ. ಕೊನೆಗೆ ಬಿಡುವುದಕ್ಕೆ ಇನ್ನೇನೂ ಉಳಿಯದಾಗ ಕೈಯಲ್ಲಿರುವುದನ್ನು ಕಟ್ಟಿಸಿಕೊಂಡು ಬಸ್ಸು ಹತ್ತುತ್ತೇನೆ. ಮೈಸೂರಿನಿಂದ ಹೊರಟ ಬಸ್ಸು ನಂಜನಗೂಡಿನ ಸೇತುವೆ ದಾಟುವಷ್ಟರಲ್ಲಿ ಬಿಟ್ಟುಬಂದವುಗಳಲ್ಲಿ ಒಂದು ಕಣ್ಣಮುಂದೆ ಬಂದು ನಿಲ್ಲುತ್ತದೆ. ಅದೇ ಸರಿಯಾಗಿತ್ತು ಎಂದು ಅವತ್ತಿನ ಮಟ್ಟಿಗೆ ಖಚಿತವಾಗಿಬಿಡುತ್ತದೆ.

ಇದಕ್ಕೆಲ್ಲ ನನ್ನ ಶಾಲೆಯೇ ಕಾರಣ ಎಂದು ಬಹಳ ದಿನ ನಂಬಿದ್ದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ನೀಲಿ ಪಿನಾಫೋರು, ಬಿಳಿ ಶರಟು. ಬೆಳಗೆದ್ದು ಏನು ಹಾಕಿಕೊಳ್ಳಲಿ ಎಂದು ಯೋಚಿಸುವ ಪ್ರಮೇಯವೇ ಇರಲಿಲ್ಲ. ಮದುವೆಯಲ್ಲಿ ಧಾರೆ ಸೀರೆಯನ್ನು ಅತ್ತೆ ಆರಿಸಿದರು, ಸೀಮಂತದ್ದನ್ನು ಅಮ್ಮ ಆರಿಸಿದಳು. ಹೀಗೆ ಮೂವತ್ತು ದಾಟಿದ ಮೇಲೆ ಕೈಗೆ ಸಿಕ್ಕ ಸ್ವಾತಂತ್ರ್ಯವನ್ನು ಹೇಗೆ ಹಿಡಿಯಬೇಕೆಂದೇ ತಿಳಿಯಲಿಲ್ಲ. ಶಾಲೆ ನನಗೆ ಇಂಗ್ಲಿಷ್ ಕಲಿಸಿತು, ತಿಳಿಬಣ್ಣಗಳೆಲ್ಲ ಮರ್ಯಾದಸ್ಥರ ಬಣ್ಣಗಳು ಎಂಬ ನಂಬಿಕೆಯನ್ನೂ ಜೊತೆಗೆ ಕೊಟ್ಟು ಕಳಿಸಿತು. ಈ ಎರಡರಲ್ಲಿ ಯಾವುದರಿಂದ ಹೆಚ್ಚು ನಷ್ಟವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾದಿನಿಯ ಮಗಳ ಮದುವೆ ಗೊತ್ತಾಯಿತು. ಒಂದು ರೇಷ್ಮೆ ಸೀರೆಗಾಗಿ ಮೂರು ಸಲ ಮೈಸೂರಿಗೆ ಹೋಗಿ ಬರಿಗೈಯಲ್ಲಿ ಬಂದೆ. ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ಮೂರು ಸಲವೂ ಅಂಗಡಿಗೆ ಬಾಗಿಲು ಹಾಕಿ ನನ್ನ ಜೊತೆ ಬಂದಿದ್ದವರು, ಕೊನೆಗೆ ಕೈಮುಗಿದರು. "ನೋಡು ಸುಮಾ, ಇರೋ ಸೀರೆ ಯಾವುದೂ ನಿನಗೆ ಆಗಲ್ಲ. ಇನ್ನೂ ಹುಟ್ಟದೇ ಇರೋದನ್ನೇ ಹುಡುಕಿಕೋ" ಎಂದರು. ತಿ. ನರಸೀಪುರದಲ್ಲಿ ಒಬ್ಬರು ಮನೆಯಲ್ಲೇ ಕೈಮಗ್ಗ ಇಟ್ಟಿದ್ದಾರೆ, ಹೇಳಿದ ಬಣ್ಣದಲ್ಲಿ ನೇಯ್ದು ಕೊಡುತ್ತಾರೆ ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡವರೂ ಅವರೇ.

ಹೋದೆ. ಕೊಳ್ಳೇಗಾಲದ ಕಡೆಯಿಂದ ಬಂದು ನೆಲೆಸಿದ ರಾಮಲಿಂಗಯ್ಯ ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದರು. ಹೆಂಡತಿ ಚೌಡಮ್ಮ ರಾಟೆಯ ಮುಂದೆ ಕೂತು ಲಾಳಿಗೆ ನೂಲು ಸುತ್ತುತ್ತಿದ್ದರು. ಆ ಮನೆಯಲ್ಲಿ ಗಂಡ ನೇಯುತ್ತಾರೆ, ಹೆಂಡತಿ ಮಾತಾಡುತ್ತಾರೆ. ನನಗೆ ಆರಿಸುವ ಸಂಕಟ ಮುಗಿಯಿತೆಂದು ಕೂತವಳಿಗೆ ಚೌಡಮ್ಮ ಮೊದಲ ಪಾಠ ಹೇಳಿದರು.

"ಹಾಸು ಕೆಂಪು ಕಣಮ್ಮಾ. ಅದ ಬದಲಾಯ್ಸಕ್ಕಾಗಲ್ಲ. ಒಂದ್ ಹಾಸಲ್ಲಿ ಮೂರು ಸೀರೆ ಬರ್ತವೆ. ಎರಡಕ್ಕೆ ಆಗ್ಲೇ ಜನ ಅವ್ರೆ. ಮೂರ್ನೇದು ನಿಮ್ಗೆ. ಹೊಕ್ಕು ಮಾತ್ರ ನಿಮ್ಮಿಷ್ಟ."

ಹಾಸುಹೊಕ್ಕು ಎಂದು ಸಾವಿರ ಸಲ ಬರೆದಿರುತ್ತೇವೆ, ಓದಿರುತ್ತೇವೆ. ಅದು ಕಣ್ಣೆದುರು ಕಂಡದ್ದು ನನಗೆ ಅವತ್ತೇ. ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿಯ ಹೊಟ್ಟೆಯಲ್ಲಿ ಕೂತು ಅಡ್ಡಕ್ಕೆ ಓಡಾಡುವುದು ಹೊಕ್ಕು. ಹಾಸು ಕೆಂಪಾಗಿದ್ದು ಹೊಕ್ಕು ನೀಲಿಯಾದರೆ ಸೀರೆ ನೇರಳೆಯಾಗಿ ಕಾಣುತ್ತದೆ. ಸ್ವಲ್ಪ ಓರೆಯಾಗಿ ಹಿಡಿದರೆ ಒಳಗಿನ ಕೆಂಪು ಕೆಣಕಿ ಹೋಗುತ್ತದೆ. ಹೀಗೆ ಒಂದೇ ಹಾಸಿನ ಮೂರು ಸೀರೆ ಅಕ್ಕಪಕ್ಕ ಬಂದರೂ ಯಾರಿಗೂ ಗುರುತು ಹತ್ತುವುದಿಲ್ಲ. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ನೇಯ್ದಷ್ಟೂ ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಮೂರೂ ಮುಗಿದ ಮೇಲೆಯೇ ಕತ್ತರಿ ಹಾಕುವುದು. ಈ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಸೀರೆ ಎಂದರೆ ನನಗೆ ಯೋಚಿಸಲು ತಿಂಗಳ ಸಮಯವಿದೆ ಎಂಬುದಷ್ಟೇ ತಲೆಯಲ್ಲಿ ನಿಂತಿತು. ನನ್ನಂಥವಳಿಗೆ ಸಮಯ ಕೊಡಬಾರದು.

ಮೊದಲ ದಿನ ಕಡುನೀಲಿ ಎಂದು ಹೇಳಿ ಬಂದೆ. ನಾಲ್ಕು ದಿನ ನೆಮ್ಮದಿಯಾಗಿದ್ದೆ. ಐದನೆಯ ದಿನ ಪಕ್ಕದ ಮನೆಯವರ ಕಡುನೀಲಿ ಬೆಡ್‌ಶೀಟು ಹಗ್ಗದ ಮೇಲೆ ಒಣಗುತ್ತಿದ್ದದ್ದು ನೋಡಿದೆ. ನೀಲಿ ಬೇಡ ಎನ್ನಲು ಮತ್ತೆ ನರಸೀಪುರದ ಬಸ್ಸು. ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ಮತ್ತೆ ಕಬ್ಬಿನ ಗದ್ದೆ. ಮಗ್ಗದ ಮೇಲೆ ಮೊದಲನೆಯ ಸೀರೆ ಅರ್ಧ ಆಗಿತ್ತು. ಕೆಂಪು ಹಾಸಿನ ಮೇಲೆ ಗಿಳಿಹಸಿರು ಹೊಕ್ಕು. ಕಿಟಕಿಯ ಬೆಳಕು ಬಿದ್ದ ಕಡೆ ಹಸಿರು, ಬೀಳದ ಕಡೆ ಹಣ್ಣಾಗುತ್ತಿರುವ ಮಾವಿನ ಕೆನ್ನೆ. ನೋಡುತ್ತಾ ನಿಂತೇಬಿಟ್ಟೆ. ಇದು ನನಗೆ ಹೊಳೆಯದೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

"ಎಷ್ಟು ಚೆನ್ನಾಗಿ ಆರಿಸಿದ್ದಾರೆ! ಯಾರದು ಇದು?"

"ಹೆಡತಲೆ ಅವ್ವಾರ್ದು. ಮಾದೇವಮ್ಮ ಅಂತ. ರೇಸ್ಮೆ ಬೆಳೀತಾರೆ. ಯಾವ್ದೋ ಮದ್ವೆಗೆ ಉಡ್ಬೇಕಂತೆ" ಎಂದರು ಚೌಡಮ್ಮ.

ನನ್ನ ಕೈ ಸೀರೆಯ ಮೇಲಿಂದ ತಾನಾಗಿ ಹಿಂದೆ ಬಂತು. ಹೆಡತಲೆಯ ಮಾದೇವಮ್ಮ ನನ್ನ ಓರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ಮದುವೆಯೂ ಅದೇ ಮದುವೆ. ನಾವಿಬ್ಬರೂ ಸರಿಯಾಗಿ ಮಾತಾಡಿ ನಾಲ್ಕು ವರ್ಷವಾಗಿತ್ತು.

ಇನ್ನು ನಷ್ಟದ ಕತೆ. ನಾವು ನಂಜನಗೂಡಿಗೆ ಬರುವ ಮುಂಚೆ, ಮದುವೆಯಾಗಿ ಹೆಡತಲೆಯ ಅತ್ತೆಮನೆಗೆ ಹೋದಾಗ ನನಗೆ ಹಳ್ಳಿಯ ಮನೆಯಲ್ಲಿ ಕೈಕಾಲು ಆಡದಿದ್ದ ದಿನಗಳಲ್ಲಿ ಜೊತೆಗಿದ್ದವರು ಮಾದೇವಕ್ಕ. ರೇಷ್ಮೆಹುಳುವಿನ ಮನೆಗೆ ಕರೆದುಕೊಂಡು ಹೋಗಿ ಹುಳು ಸೊಪ್ಪು ಮೇಯುವ ಸದ್ದು ಕೇಳಿಸಿದವರು. ತಟ್ಟೆಗೆ ಕಿವಿಯಿಟ್ಟರೆ ಸಣ್ಣಗೆ ಮಳೆ ಹನಿದಂತೆ. ಪೊರೆ ಬಿಡುವ ನಾಲ್ಕು ಜ್ವರ ಕಳೆದ ಹುಳು ಹಣ್ಣಾಗುತ್ತದೆ, ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಗ ಅದು ಊಟ ಬಿಟ್ಟು ತಲೆಯೆತ್ತಿ ಅತ್ತ ಇತ್ತ ತೂಗಾಡುತ್ತಾ ಗೂಡಿಗೆ ಜಾಗ ಹುಡುಕುತ್ತದೆ. ಎತ್ತಿ, ಗೂಡು ಕಟ್ಟಿಸುವ ಚಂದ್ರಿಕೆಯ ಬಿದಿರಿನ ಸುತ್ತಿನಲ್ಲಿ ಬಿಟ್ಟರೆ ಅಲ್ಲೂ ಸ್ವಲ್ಪ ಹೊತ್ತು ಅದೇ ತಳಮಳ. "ನೋಡು, ನಿನ್ನಂಗೇಯ ಇದು. ಎಲ್ಲಿ ಕೂತ್ಕಳದು ಅಂತ ಗೊತ್ತಾಗಕಿಲ್ಲ" ಎಂದು ಮಾದೇವಕ್ಕ ನಗುತ್ತಿದ್ದರು. ಹುಳುವೇ ಮೇಲು. ಒಂದು ಮೂಲೆ ಹಿಡಿದು ಎಳೆ ಬಿಡಲು ಶುರುಮಾಡಿದರೆ ಮುಗಿಯಿತು, ಪಕ್ಕದ ಮೂಲೆ ಚೆನ್ನಾಗಿತ್ತೇನೋ ಎಂದು ಎದ್ದು ಬರುವುದಿಲ್ಲ.

ಒಂದು ಯುಗಾದಿಗೆ ಮಾದೇವಕ್ಕ ಗೂಡು ಮಾರಿದ ದುಡ್ಡಿನಲ್ಲಿ ತಮಗಾಗಿ ಒಂದು ಸೀರೆ ತಂದಿದ್ದರು. ಯಾರೂ ಕೊಡಿಸಿದ್ದಲ್ಲ, ಮೊದಲ ಸಲ ತಾವೇ ಆರಿಸಿದ್ದು. ಗಿಳಿಹಸಿರಿಗೆ ಮೆಣಸಿನಕಾಯಿ ಕೆಂಪಿನ ಅಂಚು. ಉಟ್ಟುಕೊಂಡು ನಡುಮನೆಗೆ ಬಂದು ನನ್ನ ಮುಂದೆ ನಿಂತು, "ಎಂಗದೆ ಏಳು, ನೀನು ಓದಿರೋಳು" ಎಂದರು. ಅವತ್ತು ನನ್ನ ತಂಗಿಯೂ ಹಬ್ಬಕ್ಕೆ ಬಂದಿದ್ದಳು. ನಾನು "ಚೆನ್ನಾಗಿದೆ ಅಕ್ಕ" ಎಂದೆ. ಎಂದವಳು ತಂಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮೆಲ್ಲಗೆ, "ವಾಟ್ ಎ ಚೀಪ್ ಟೇಸ್ಟ್" ಎಂದೆ.

ಇಂಗ್ಲಿಷನ್ನು ನಾವು ಕಾನ್ವೆಂಟಿನವರು ಪರದೆಯ ಹಾಗೆ ಬಳಸುತ್ತೇವೆ, ಎಳೆದುಬಿಟ್ಟರೆ ಆಚೆಯವರಿಗೆ ಕಾಣುವುದಿಲ್ಲ ಎಂದುಕೊಂಡು. ಪರದೆ ಬಹಳ ತೆಳು. ಮಾದೇವಕ್ಕ ನನ್ನ ಮುಖ ನೋಡಿದರು, ತಂಗಿಯ ನಗು ನೋಡಿದರು, ಸೆರಗನ್ನು ಮುದುರಿ ಹಿಡಿದುಕೊಂಡು ಒಳಗೆ ಹೋದರು. ಆ ಸೀರೆಯನ್ನು ಮತ್ತೆ ನನ್ನೆದುರು ಉಡಲಿಲ್ಲ. ಜಗಳವಾಡಲಿಲ್ಲ. ಹೆಡತಲೆಗೆ ಹೋದರೆ ನನಗೆ ಕಾಫಿ ಬರುತ್ತಿತ್ತು, ನೆಂಟರಿಗೆಂದು ಎತ್ತಿಟ್ಟ ಹೊಸ ಲೋಟದಲ್ಲಿ. ಹುಳುವಿನ ಮನೆಗೆ ಬಾ ಎಂದು ಕರೆಯುವುದು ನಿಂತಿತು. ಕ್ಷಮಿಸಿ ಎನ್ನಲು ನಾಲ್ಕು ವರ್ಷ ಬಾಯಿ ತೆರೆದೆ, ಮುಚ್ಚಿದೆ. ನಾನು ಅಂದದ್ದು ಅವರಿಗೆ ಅರ್ಥವಾಗಿಲ್ಲದಿದ್ದರೆ? ಇಲ್ಲದ ಗಾಯವನ್ನು ನಾನೇ ಕೆರೆದಂತಾಗುವುದಿಲ್ಲವೇ? ಅಂಜುಬುರುಕಿಯ ತರ್ಕ ಎಂದು ಗೊತ್ತಿತ್ತು, ಆದರೂ ಅದನ್ನೇ ಹಿಡಿದುಕೊಂಡಿದ್ದೆ.

ಈಗ ನೋಡಿದರೆ ಅದೇ ಗಿಳಿಹಸಿರನ್ನು, ಯಾರದೆಂದು ತಿಳಿಯದೆ, ನಾನೇ ಬಾಯ್ತುಂಬ ಹೊಗಳಿದ್ದೆ.

ಅಲ್ಲಿಂದ ಮುಂದಿನ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಮದುವೆಮನೆಯಲ್ಲಿ ಇಬ್ಬರೂ ಒಂದೇ ಹಾಸನ್ನು ಉಟ್ಟು ಎದುರುಬದುರು ನಿಲ್ಲಬೇಕಲ್ಲ. ಸೀರೆ ಬೇಡ ಎನ್ನೋಣವೆಂದರೆ ಬಿಗಿದ ಹಾಸನ್ನು ಅರ್ಧಕ್ಕೆ ಬಿಚ್ಚುವಂತಿಲ್ಲ. ಸರಿ, ಅವರ ಬಣ್ಣದಿಂದ ಎಷ್ಟು ದೂರ ಹೋಗಬಹುದೋ ಹೋಗೋಣ ಎಂದು ಮತ್ತೆ ನರಸೀಪುರಕ್ಕೆ ಹೋಗಿ ಬೂದು ಬಣ್ಣ ಹೇಳಿದೆ.

"ಬೂದಿನಾ?" ಚೌಡಮ್ಮ ರಾಟೆ ನಿಲ್ಲಿಸಿದರು. "ಅದ ಉಟ್ಕಂಡು ಮದ್ವೆಗೋದ್ರೆ ಗಂಡಿನ ಕಡೆಯೋರು ಯಾರ್ ಸತ್ರು ಅಂತಾರೆ."

"ಹಾಗಾದರೆ ಇನ್ನೊಂದು ವಾರ ಬಿಟ್ಟು ಹೇಳ್ತೀನಿ."

"ಏಳಿ, ಏಳಿ. ಹೆಡತಲೆ ಅವ್ವನೂ ಬಂದಿದ್ರು. ಮೂರ್ನೇದು ಯಾರ್ದು ಅಂದ್ರು. ನಂಜನಗೂಡು ಗೊಬ್ಬರದಂಗ್ಡಿ ಸುಮಮ್ಮಂದು ಅಂದೆ. ಆಮ್ಯಾಕೆ, ಯಾವ ಬಣ್ಣ ಏಳವ್ಳೆ ಅಂದ್ರು. ಮೊದ್ಲು ನೀಲಿ ಅಂದ್ರು, ಆಮ್ಯಾಕೆ ಅದೂ ಬ್ಯಾಡ ಅಂದ್ರು ಅಂದೆ. ಬಿದ್ದುಬಿದ್ದು ನಕ್ರು."

ನಕ್ಕರಂತೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ನಗುವಿಗೆ ಅರ್ಥ ಹುಡುಕುತ್ತಾ ನಂಜನಗೂಡು ಬಂದದ್ದೇ ತಿಳಿಯಲಿಲ್ಲ.

ವಾರ ಎಂದದ್ದು ಎರಡು ವಾರವಾಯಿತು. ಮದುವೆಗೆ ಇನ್ನು ಇಪ್ಪತ್ತು ದಿನ ಇರುವಾಗ ಹೋದೆ. ಎರಡನೆಯ ಸೀರೆ ಮುಗಿದು ಮಗ್ಗ ಕೆಲಸ ನಿಲ್ಲಿಸಿ ಕೂತಿತ್ತು. ರಾಮಲಿಂಗಯ್ಯ ಜಗಲಿಯಲ್ಲಿ ಬೀಡಿ ಸೇದುತ್ತಿದ್ದರು. ಒಳಗೆ ಚೌಡಮ್ಮನ ಪಕ್ಕ ಚಾಪೆಯ ಮೇಲೆ ಮಾದೇವಕ್ಕ ಕೂತಿದ್ದರು.

"ಬಂದ್ಯಾ? ಕೂತ್ಕೋ" ಎಂದರು. "ನಿನ್ನ ಬಣ್ಣ ಗಟ್ಟಿಯಾಗಗಂಟ ನನ್ ಸೀರೆನೂ ಕತ್ರಿಸಕಿಲ್ವಂತೆ. ನಿನ್ನ ದೆಸೆಯಿಂದ ನಾನು ಆ ಮದ್ವೆಗೆ ಹಳೇ ಸೀರೆ ಉಟ್ಕಂಡು ಓಗ್ಬೇಕಾ?"

ಮಗ್ಗದ ಮರಕ್ಕೆ ಸುತ್ತಿದ ಸುರುಳಿಯಲ್ಲಿ ಅವರ ಹಸಿರು ಸೀರೆ ಸಿಕ್ಕಿಕೊಂಡಿತ್ತು. ಅವರು ಆಸೆಪಟ್ಟು ಆರಿಸಿದ ಸೀರೆಗೆ ಎರಡನೆಯ ಸಲ ಅಡ್ಡ ನಿಂತವಳೂ ನಾನೇ. "ಅಕ್ಕ, ಅವತ್ತು ಯುಗಾದಿ ದಿನ ನಾನು..." ಎಂದೆ.

"ಏನಂದೆ ಅವತ್ತು?"

ನಾನು ಚಾಪೆಯ ಅಂಚಿಗೆ ಕೂತೆ.

"ನಂಗೇನು ಇಂಗ್ಲೀಸು ಬಂದದಾ? ಗೊತ್ತಾಗಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಗೊತ್ತಾಗ್ದೆ ದಿನಕ್ಕೊಂದು ಅರ್ಥ ಕಟ್ಕಂಡು ಕೂತೆ. ಈಗ ಏಳು. ಕನ್ನಡದಲ್ಲಿ ಏಳು."

ಶಾಲೆಯಲ್ಲಿ ಎಷ್ಟೋ ಪಾಠಗಳನ್ನು ಅನುವಾದ ಮಾಡಿ ಬಹುಮಾನ ತೆಗೆದುಕೊಂಡವಳು ನಾನು. ಆ ನಾಲ್ಕು ಮಾತನ್ನು ಕನ್ನಡಕ್ಕೆ ತರುವಷ್ಟರಲ್ಲಿ ಬೆವೆತುಹೋದೆ. ಇಂಗ್ಲಿಷಿನಲ್ಲಿ ಹಗುರವಾಗಿ ಜಾರಿದ್ದದ್ದು ಕನ್ನಡದಲ್ಲಿ ಕಲ್ಲಿನಷ್ಟು ಭಾರ. ಚೌಡಮ್ಮ ಬೇರೆ ರಾಟೆ ನಿಲ್ಲಿಸಿ ಬಾಯಿ ತೆರೆದು ಕಾಯುತ್ತಿದ್ದರು.

"ನಿಮಗೆ ಸೀರೆ ಆರಿಸೋದಕ್ಕೆ ಬರಲ್ಲ, ಕೀಳು ರುಚಿ, ಅಂದೆ. ತಪ್ಪಾಯ್ತು ಅಕ್ಕ."

ಮಾದೇವಕ್ಕ ನನ್ನನ್ನೇ ನೋಡಿದರು. "ಅಷ್ಟೇಯಾ?"

"ಅಷ್ಟೇ."

"ಅಯ್ಯೋ ನಿನ್ನ! ನಾನು ಕಪ್ಪಗಿವ್ನಿ, ಈ ಮೂತಿಗೆ ಈ ಸೀರೆ ಬೇರೆ ಕೇಡು ಅಂದೆ ಅಂದ್ಕಂಡಿದ್ದೆ ಕಣಮ್ಮೀ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ನಾಲ್ಕು ವರ್ಸ ಕನ್ನಡಿ ಮುಂದೆ ನಿಂತಾಗೆಲ್ಲ ನೀನೇ ಇಂದ್ಗಡೆ ನಿಂತಂಗಾಗದು" ಎಂದರು.

ಚೌಡಮ್ಮನ ಬುಟ್ಟಿಯಲ್ಲಿದ್ದ ಬಣ್ಣದ ನೂಲಿನ ಲಡಿಗಳನ್ನೆಲ್ಲ ಎತ್ತಿ ಮಾದೇವಕ್ಕನ ಮಡಿಲಿಗೆ ಸುರಿದೆ. "ನನ್ನ ಹೊಕ್ಕು ನೀವೇ ಆರಿಸಿ ಅಕ್ಕ" ಎಂದೆ.

"ಆಮ್ಯಾಕೆ ಬದಲಾಯ್ಸಂಗಿಲ್ಲ."

"ಇಲ್ಲ."

ಅವರು ಬೀದಿಗೆ ಒಯ್ಯಲಿಲ್ಲ, ಬಿಸಿಲಿಗೆ ಹಿಡಿಯಲಿಲ್ಲ. ಲಡಿಗಳನ್ನು ಒಂದೊಂದಾಗಿ ಬೆರಳಿನಲ್ಲಿ ತೀಡಿ ನೋಡಿದರು. ನನ್ನ ಮುಖ ಒಂದು ಸಲ ನೋಡಿದರು. ಅಪ್ಪಟ ಅರಿಶಿನದ ಲಡಿಯೊಂದನ್ನು ಎತ್ತಿ ಚೌಡಮ್ಮನ ಕೈಗೆ ಹಾಕಿದರು. ನಾನು ಬಾಯಿ ತೆರೆದೆ. "ಲೇ ಸುಮಾ" ಎಂದರು. ಮುಚ್ಚಿಕೊಂಡೆ. ರಾಮಲಿಂಗಯ್ಯ ಬೀಡಿ ಎಸೆದು ಗುಂಡಿಗೆ ಇಳಿದರು. ನಾವು ಬಸ್‌ಸ್ಟ್ಯಾಂಡಿಗೆ ಹೊರಡುವ ಹೊತ್ತಿಗೆ ಲಾಳಿ ಓಡಾಡತೊಡಗಿತ್ತು.

ಸೀರೆಗಳು ಮದುವೆಗೆ ಮೂರು ದಿನ ಮುಂಚೆ ಕೈಗೆ ಬಂದವು. ನಿಜ ಹೇಳಬೇಕೆಂದರೆ ನನ್ನದು ನನಗೆ ಒಪ್ಪುವುದಿಲ್ಲ. ಕೆಂಪು ಹಾಸಿನ ಮೇಲೆ ಅರಿಶಿನದ ಹೊಕ್ಕು ಬಿದ್ದು, ಇಟ್ಟಿಗೆ ಸುಡುವ ಗೂಡಿನ ಬಾಯಿ ತೆರೆದಂತಿದೆ. ಉಟ್ಟುಕೊಂಡು ಹೋದರೆ ಫೋಟೋದವರು ಮಸೂರ ಒರೆಸಿಕೊಳ್ಳುತ್ತಾರೆ. ಆದರೂ ಬೀರು ತೆರೆದು ಅದಕ್ಕೆ ಕೈಹಾಕಿದ ದಿನ ಇನ್ನೊಂದು ಸೀರೆ ನೆನಪಾಗುವುದಿಲ್ಲ. ನನ್ನ ಮಟ್ಟಿಗೆ ಇದೊಂದು ಸೋಜಿಗ. ಒಪ್ಪುವ ಸೀರೆಗಾಗಿ ಅಷ್ಟು ವರ್ಷ ಅಂಗಡಿ ಅಂಗಡಿ ಅಲೆದೆ. ನೆಮ್ಮದಿ ಕೊಟ್ಟದ್ದು ಒಪ್ಪದ ಈ ಒಂದು.

ಮದುವೆಯ ದಿನ ಊಟದ ಪಂಕ್ತಿಯಲ್ಲಿ ಮಾದೇವಕ್ಕ ತಮ್ಮ ಗಿಳಿಹಸಿರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕೂತರು. ಎಲೆಗೆ ನೀರು ಚಿಮುಕಿಸುತ್ತಾ ಕೇಳಿದರು.

"ಎಂಗದೆ ನಿನ್ ಸೀರೆ?"

ಕನ್ನಡದಲ್ಲೇ, ಅವರ ಮುಖಕ್ಕೇ ಹೇಳಿದೆ. "ಕಣ್ಣಿಗೆ ಕುಕ್ಕುತ್ತೆ ಅಕ್ಕ."

"ಕುಕ್ಲಿ ಬುಡು" ಎಂದರು ಮಾದೇವಕ್ಕ, ಎಲೆ ಒರೆಸಿಕೊಳ್ಳುತ್ತಾ. "ನೋಡೋರ್ ಕಣ್ಣು ತಾನೆ?"